ತೊಗರಿ ಚೀಲದ ಬಾಕಿ: ಸಭೆಯೊಳಗಿನ ಒಂದು ಮನಸ್ತಾಪದ ಪ್ರಕರಣ ಅಧ್ಯಯನ

ಬೀದರ್ ಜಿಲ್ಲೆ, ಹುಮನಾಬಾದ ತಾಲ್ಲೂಕಿನ ಒಂದು ಹಳ್ಳಿ. ನಲವತ್ತು ಮನೆಗಳ ಕ್ರೈಸ್ತ ಸಭೆ. ಐವತ್ತು ಕಿಲೋ ತೊಗರಿಯ ಒಂದು ಚೀಲದಿಂದ ಎದ್ದ ಮಾತು ಎರಡು ಮನೆಗಳ ನಡುವಿನ ಹೋಗುಬರುವಿಕೆ ನಿಲ್ಲಿಸಿ, ಐದು ತಿಂಗಳು ಎಳೆದು, ಬಹುಪಾಲು ಬಗೆಹರಿಯಿತು. ಬಹುಪಾಲು ಎಂದು ಬೇಕೆಂದೇ ಬರೆದದ್ದು; ಉಳಿದ ಪಾಲು ಏನೆಂಬುದು ಕೊನೆಗೆ ಬರುತ್ತದೆ.

ಯಾವುದೋ ಒಂದು ಸಭೆಯಲ್ಲಿ ಇದು ಹೀಗೇ ನಡೆಯಿತು ಎಂದು ಓದಬೇಡಿ. ಈ ಭಾಗದ ಸಭೆಗಳಲ್ಲಿ ಮತ್ತೆ ಮತ್ತೆ ಹುಟ್ಟುವ ಜಗಳಗಳ ಎಳೆಗಳನ್ನು ಕೂಡಿಸಿ ಹೊಸೆದ ಮಾದರಿ ಪ್ರಕರಣ ಇದು. ಹಾಗಾಗಿ ಹೆಸರುಗಳಿಲ್ಲ, ಪಂಗಡವೂ ಇಲ್ಲ. ಒಬ್ಬ ಖಜಾಂಚಿ, ಇನ್ನೊಬ್ಬ ರೈತ. ಖಜಾಂಚಿಯೂ ರೈತನೇ, ಆದರೆ ಗುರುತಿಗೆ ಇಷ್ಟು ಸಾಕು.

ಸವಾಲು

ಜನವರಿಯ ಕೊನೆಯ ಭಾನುವಾರ ಸುಗ್ಗಿ ಹಬ್ಬ. ಹೊಸ ತೊಗರಿ ಮನೆಗೆ ಬಂದಿರುತ್ತದೆ, ಹಿಂಗಾರಿ ಜೋಳ ಇನ್ನೂ ಹೊಲದಲ್ಲಿರುತ್ತದೆ. ಬೆಳೆದದ್ದರಲ್ಲಿ ಒಂದು ಪಾಲು ತಂದು ಪೀಠದ ಮುಂದೆ ಇಡುತ್ತಾರೆ: ತೊಗರಿ, ಬೆಲ್ಲದ ಪೆಂಟಿ, ಕುಂಬಳಕಾಯಿ, ಕಾಲು ಕಟ್ಟಿದ ಜವಾರಿ ಕೋಳಿ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಸವಾಲು, ಅಂದರೆ ಹರಾಜು. ಪೇಟೆ ಧಾರಣೆಗೆ ಇಲ್ಲಿ ಯಾರೂ ಕೂಗುವುದಿಲ್ಲ. ವಸ್ತುವಿನ ಬೆಲೆಯ ಮೇಲೆ ಏರಿದ್ದೆಲ್ಲ ದೇವರಿಗೆ ಕಾಣಿಕೆ ಎಂಬ ಲೆಕ್ಕ. 2024–25ರಲ್ಲಿ ಕೇಂದ್ರ ತೊಗರಿಗೆ ನಿಗದಿ ಮಾಡಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ. ಹಾಗೆ ನೋಡಿದರೆ ಐವತ್ತು ಕಿಲೋದ ಚೀಲಕ್ಕೆ 3,775. ನಮ್ಮ ರೈತ ಅದನ್ನು 11,000ಕ್ಕೆ ಕೂಗಿ ಹಿಡಿದ. ಚಪ್ಪಾಳೆ ಬಿತ್ತು.

ಆ ಗದ್ದಲದಲ್ಲೇ ಆತ ಹತ್ತು ಐನೂರರ ನೋಟು ಎಣಿಸಿ ಖಜಾಂಚಿಯ ಕೈಗಿಟ್ಟ. ಉಳಿದ 6,000 ತೊಗರಿ ಮಾರಿದ ಮೇಲೆ, ಫೆಬ್ರವರಿ ಮುಗಿಯುವುದರೊಳಗೆ. ಸಭೆಗೆ ಇದ್ದದ್ದು ಒಂದೇ ರಸೀದಿ ಪುಸ್ತಕ, ಅದು ಒಳಗೆ ದಶಮಾಂಶ (ಆದಾಯದ ಹತ್ತನೆಯ ಒಂದು ಪಾಲಿನ ಕಾಣಿಕೆ) ಬರೆಯುವವರ ಹತ್ತಿರ ಇತ್ತು. ಖಜಾಂಚಿ ಜೇಬಿನ ನೋಟ್‌ಬುಕ್ಕಿನಲ್ಲಿ ‘5,000’ ಎಂದಷ್ಟೇ ಗೀಚಿಕೊಂಡ, ಹೆಸರು ಬರೆಯಲಿಲ್ಲ. ಸಂಜೆ ಹಣ ಎಣಿಸುವಾಗ ಅದು ‘ವಿಶೇಷ ಕಾಣಿಕೆ’ ಎಂಬ ಕಲಮಿಗೆ ಹೋಯಿತು. ಸವಾಲಿನ ಪಟ್ಟಿಯಲ್ಲಿ ರೈತನ ಹೆಸರಿನ ಎದುರು 11,000 ಬಾಕಿ ಹಾಗೇ ನಿಂತಿತು.

ಫೆಬ್ರವರಿಯಲ್ಲಿ ಧಾರಣೆ ಇಳಿಯಿತು. ರೈತ ಮಾಲು ಹಿಡಿದಿಟ್ಟ. ಮಾರ್ಚ್ ಹೋಯಿತು. ‘ಸ್ವಲ್ಪ ತಡ ಆಗ್ತದ’ ಎಂಬ ಒಂದು ಮಾತನ್ನು ಯಾರಿಗೂ ಹೇಳಲಿಲ್ಲ. ಇದು ಅವನ ತಪ್ಪು. ಮುಂದಿನ ಗದ್ದಲದಲ್ಲಿ ಎಲ್ಲರೂ ಮರೆತದ್ದೂ ಇದನ್ನೇ.

ಏಪ್ರಿಲ್‌ನ ಒಂದು ಭಾನುವಾರ

ಈಸ್ಟರ್ ಕಳೆದ ಮೇಲಿನ ಭಾನುವಾರ, ಪ್ರಕಟಣೆಗಳ ಹೊತ್ತಿನಲ್ಲಿ ಖಜಾಂಚಿ ವರ್ಷದ ಲೆಕ್ಕ ಓದಿದ. ಜೊತೆಗೆ ಬಾಕಿದಾರರ ಪಟ್ಟಿ, ಏಳು ಹೆಸರು. ಮೊತ್ತ ದೊಡ್ಡದಾದ್ದರಿಂದ ರೈತನ ಹೆಸರೇ ಮೊದಲು: ‘ಹನ್ನೊಂದು ಸಾವಿರ.’

ರೈತ ಕುಳಿತಲ್ಲಿಂದ ಎದ್ದ. ‘ಐದು ಸಾವಿರ ನಿನ್ನ ಕೈಯಾಗೇ ಕೊಟ್ಟೀನಲ್ಲೋ.’

ಖಜಾಂಚಿ ಹಾಳೆಯಿಂದ ಕಣ್ಣೆತ್ತದೆ ಅಂದ: ‘ರಸೀದಿ ಇದ್ರ ತೋರಸ್ರಿ.’

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ರೈತ ಹೆಂಡತಿ ಮಕ್ಕಳನ್ನು ಕರೆಯದೆ ಒಬ್ಬನೇ ಹೊರಗೆ ನಡೆದ. ಪಾಸ್ಟರ್ ಮುಂದಿನ ಹಾಡಿನ ಸಂಖ್ಯೆ ಹೇಳಿದರು.

ಅಂದು ಸಂಜೆ ಬಸ್‌ ನಿಲ್ದಾಣದ ಹತ್ತಿರದ ಚಹಾ ಹೋಟೆಲಿನಲ್ಲಿ ಎಂಟು ಹತ್ತು ಜನರ ಮುಂದೆ ರೈತ ಅಂದದ್ದು ‘ಸಭೆ ರೊಕ್ಕ ತಿಂದಾನ.’ ಅಲ್ಲಿದ್ದವರಲ್ಲಿ ಹೆಚ್ಚಿನವರು ಸಭೆಯವರಲ್ಲ. ರಾತ್ರಿ ಬಂಧುಗಳ ವಾಟ್ಸ್‌ಆ್ಯಪ್ ಗುಂಪಿಗೆ ಎರಡು ನಿಮಿಷದ ಧ್ವನಿ ಸಂದೇಶ ಹೋಯಿತು. ಹೈದರಾಬಾದಿಗೂ ಪುಣೆಗೂ ದುಡಿಯಲು ಹೋದ ಮನೆಮಕ್ಕಳೆಲ್ಲ ಆ ಗುಂಪಿನಲ್ಲಿದ್ದರು. ಮಾರನೆಯ ದಿನ ಊರಿಗಿಂತ ಮೊದಲು ಪುಣೆಯಲ್ಲಿ ಸುದ್ದಿ.

ಇಷ್ಟಕ್ಕೇ ಎಣಿಸಿದರೆ ಬೇರೆ ಬೇರೆ ಗಾತ್ರದ ನಾಲ್ಕೈದು ತಪ್ಪುಗಳಾಗಿವೆ. ಊರಿನ ಬಾಯಲ್ಲಿ ಮಾತ್ರ ಅದು ಒಂದೇ ಜಗಳ, ‘ಆ ಇಬ್ಬರದು.’ ತಪ್ಪುಗಳನ್ನು ಬಿಡಿಬಿಡಿಯಾಗಿ ನೋಡದೆ ಒಂದೇ ಮುದ್ದೆ ಮಾಡಿದ್ದರಿಂದ ಮುಂದಿನ ಮೂರು ತಿಂಗಳು ಹಾಳಾದವು.

ಕೆಟ್ಟ ಮೂರು ಪ್ರಯತ್ನ

ಮೊದಲನೆಯದು ಪ್ರಸಂಗ, ಪೀಠದಿಂದ ಮಾಡುವ ಉಪದೇಶ. ಮುಂದಿನ ಭಾನುವಾರ ಪಾಸ್ಟರ್ ಬೈಬಲಿನ ಮತ್ತಾಯ 18ರ ಕೊನೆಯ ಸಾಮ್ಯವನ್ನು ತೆಗೆದುಕೊಂಡರು. ಹತ್ತು ಸಾವಿರ ತಲಾಂತಿನ ಸಾಲ ಮಾಫಿಯಾದ ಆಳು, ತನಗೆ ನೂರು ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿದ ಕಥೆ. ಒಂದು ದಿನಾರಿ ಕೂಲಿಯವನ ಒಂದು ದಿನದ ಸಂಬಳ, ಒಂದು ತಲಾಂತು ಸುಮಾರು ಆರು ಸಾವಿರ ದಿನಾರಿ. ಅಂದರೆ ಮಾಫಿಯಾದದ್ದು ಆರು ಕೋಟಿ ದಿನದ ಕೂಲಿ, ಹಿಡಿದದ್ದು ನೂರು ದಿನದ್ದು. ವಿವರಣೆಯಲ್ಲಿ ತಪ್ಪಿರಲಿಲ್ಲ. ಆದರೆ ಸಾಲದ ಮಾತು ಬಂದಾಗೆಲ್ಲ ತಲೆಗಳು ರೈತನ ಕಡೆ ತಿರುಗಿದವು. ತಾನೇ ಆ ಕೆಟ್ಟ ಆಳು ಎಂದು ಆತ ಕೇಳಿಸಿಕೊಂಡ. ಎದುರು ಕೂತವನ ಬಗ್ಗೆ ಪೀಠದಿಂದ ಮಾತಾಡಿದರೆ ಅವನಿಗೆ ಉತ್ತರ ಕೊಡುವ ದಾರಿ ಇರುವುದಿಲ್ಲ. ಜಗಳ ಬಿಸಿಯಾಗಿರುವಾಗ ಆ ವಿಷಯದ ಮೇಲೆ ಪ್ರಸಂಗ ಮಾಡದಿರುವುದೇ ಲೇಸು. ಮುಂದಿನ ವಾರ ಬೇಕಾದರೆ ನೋಹನ ಕಥೆ ಹೇಳಲಿ.

ಎರಡನೆಯದು ಉಪವಾಸ ಪ್ರಾರ್ಥನೆ. ಜೂನ್‌ನ ಒಂದು ಶುಕ್ರವಾರ ಹಾಡು, ಕಣ್ಣೀರು, ಪ್ರಾರ್ಥನೆ ಎಲ್ಲ ಜೋರಾಗಿದ್ದಾಗ ಹಿರಿಯರು ಇಬ್ಬರನ್ನೂ ಮುಂದೆ ಕರೆದು ಕೈ ಹಿಡಿಸಿದರು, ಅಪ್ಪಿಸಿದರು. ‘ಸೈತಾನ ಸೋತ’ ಎಂದು ಸ್ತೋತ್ರ ಹೇಳಿದರು. ಎರಡು ವಾರ ನಿಂತಿತು. ಮೂರನೆಯ ವಾರ ಖಜಾಂಚಿ ‘ಉಳಿದ ಬಾಕಿ’ ಕೇಳಲು ಆಳು ಕಳಿಸಿದ, ಹನ್ನೊಂದು ಸಾವಿರವೇ ಕೇಳಿದ. ಅಪ್ಪಿಕೊಂಡಾಗ ಲೆಕ್ಕ ಮುಗಿಯಿತೆಂದು ರೈತ ತಿಳಿದಿದ್ದ. ಬಾಕಿಯನ್ನು ಆತ ಒಪ್ಪಿಕೊಂಡನೆಂದು ಖಜಾಂಚಿ ತಿಳಿದಿದ್ದ. ಇಬ್ಬರೂ ಸುಳ್ಳಾಡಿರಲಿಲ್ಲ. ಯಾವುದಕ್ಕೆ ಮಾಫಿ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ. ಇದಾದ ಮೇಲೆ ಬಿರುಕು ಮೊದಲಿಗಿಂತ ಅಗಲವಾಯಿತು, ಏಕೆಂದರೆ ಈಗ ‘ದೇವರ ಮುಂದೆ ಕೈ ಕೊಟ್ಟು ತಪ್ಪಿದ’ ಎಂಬ ಆರೋಪವೂ ಸೇರಿತು.

ಮೂರನೆಯದು ಊರಿನ ಒಬ್ಬ ಮುಖಂಡನ ಪಂಚಾಯ್ತಿ. ಆತ ಇಬ್ಬರಿಗೂ ಬೈದು, ‘ಅರ್ಧ ಅರ್ಧ ಮಾಡ್ಕೊಳ್ರಿ’ ಅಂದ. ವಿಶ್ವಾಸಿಗಳ ವ್ಯಾಜ್ಯವನ್ನು ಹೊರಗಿನವರ ಮುಂದೆ ಒಯ್ಯುವುದನ್ನು ಆದಿ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲ 1 ಕೊರಿಂಥ 6ರಲ್ಲಿ ಏಕೆ ಖಂಡಿಸಿದ ಎಂದು ತಿಳಿಯಲು ಇಷ್ಟು ಸಾಕು: ಹೊರಗಿನವನಿಗೆ ಗದ್ದಲ ನಿಲ್ಲಬೇಕು, ನಿಜ ಹೊರಬರಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಪೌಲನ ಆ ಮಾತು ಹಣ, ಆಸ್ತಿ, ಮಾನದಂಥ ವ್ಯಾಜ್ಯಗಳಿಗೆ. ಹೊಡೆತ, ಹೆಂಡತಿಯ ಮೇಲಿನ ಹಿಂಸೆ, ಲೈಂಗಿಕ ದೌರ್ಜನ್ಯ ಇವುಗಳಿಗೆ ಅದನ್ನು ಎಳೆದು ತರಬಾರದು. ಮಗುವಿನ ಮೇಲೆ ದೌರ್ಜನ್ಯವಾಗಿದ್ದರೆ 2012ರ ಪೋಕ್ಸೋ ಕಾಯ್ದೆಯಂತೆ ಗೊತ್ತಾದವರೆಲ್ಲ ಪೊಲೀಸರಿಗೆ ತಿಳಿಸಲೇಬೇಕು; ಪಾಸ್ಟರಿಗೂ ವಿನಾಯಿತಿ ಇಲ್ಲ. ಅಂಥದ್ದನ್ನು ‘ಸಭೆಯೊಳಗೆ ಬಗೆಹರಿಸುತ್ತೇವೆ’ ಎನ್ನುವುದು ತಪ್ಪನ್ನು ಮುಚ್ಚಿದಂತೆ. ಕೆಳಗಿನ ವಿಧಾನ ತೊಗರಿ ಚೀಲಕ್ಕೆ, ಬದುವಿನ ಜಗಳಕ್ಕೆ, ಆಡಿದ ಮಾತಿಗೆ.

ಇಬ್ಬರೇ ಇರುವಾಗ

ಆಗಸ್ಟ್‌ನಲ್ಲಿ ಒಬ್ಬ ನಿವೃತ್ತ ಶಿಕ್ಷಕರು ಕೈ ಹಾಕಿದರು. ಅವರು ಮೊದಲು ಕೇಳಿದ ಪ್ರಶ್ನೆ: ಇವರಿಬ್ಬರೂ ಒಮ್ಮೆಯಾದರೂ ಬೇರೆ ಯಾರೂ ಇಲ್ಲದೆ ಕೂತು ಮಾತಾಡಿದ್ದಾರಾ? ಇಲ್ಲ. ನಾಲ್ಕು ತಿಂಗಳಲ್ಲಿ ಸಭೆ, ಹೋಟೆಲು, ವಾಟ್ಸ್‌ಆ್ಯಪ್, ಮುಖಂಡ ಎಲ್ಲ ಆಗಿತ್ತು. ತಪ್ಪು ಮಾಡಿದ ಸಹೋದರನ ಹತ್ತಿರ ಹೋಗಿ ಇಬ್ಬರೇ ಇರುವಾಗ ಮಾತಾಡು ಎಂಬ ಮತ್ತಾಯ 18:15ರ ಮೊದಲ ಮೆಟ್ಟಿಲು ಮಾತ್ರ ಆಗಿರಲಿಲ್ಲ. ಎಲ್ಲರ ಎದುರು ಆದ ತಪ್ಪಿಗೆ ಒಂಟಿಯಾಗಿ ಮಾತಾಡುವ ಅಗತ್ಯವಿಲ್ಲ ಎಂದು ವಾದಿಸುವವರಿದ್ದಾರೆ. ಆ ವಾದ ಕಾಗದದ ಮೇಲೆ ಸರಿ. ಜನರ ಎದುರು ಮಾತ್ರ ಭೇಟಿಯಾಗುವ ಇಬ್ಬರು ಜನರಿಗಾಗಿಯೇ ಮಾತಾಡುತ್ತಾರೆ, ಅದನ್ನು ಮುರಿಯಲಾದರೂ ಒಮ್ಮೆ ಒಂಟಿ ಭೇಟಿ ಬೇಕು.

ಯಾರು ಹೋಗಬೇಕು? ಮತ್ತಾಯ 18ರಲ್ಲಿ ನೋವುಂಡವನಿಗೆ ‘ನೀನು ಹೋಗು’ ಎಂದಿದೆ. ಮತ್ತಾಯ 5:23–24ರಲ್ಲಿ ನೋವು ಕೊಟ್ಟವನಿಗೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ‘ನೀನು ಹೋಗು’ ಎಂದಿದೆ. ಯಾರ ಕಡೆಯಿಂದ ನೋಡಿದರೂ ಹೊರಡಬೇಕಾದವನು ತಾನೇ. ಎರಡನೆಯ ವಚನದ ಭಾರ ನಮಗೆ ಸಾಮಾನ್ಯವಾಗಿ ತಟ್ಟುವುದಿಲ್ಲ. ಯೇಸು ಅದನ್ನು ಹೇಳಿದ್ದು ಗಲಿಲಾಯದಲ್ಲಿ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ನೂರು ಕಿಲೋಮೀಟರಿಗೂ ಹೆಚ್ಚು ದೂರ. ಬೀದರಿನಲ್ಲಿ ಕಾಣಿಕೆ ಕೆಳಗಿಟ್ಟು, ಕಲಬುರಗಿಗೆ ನಡೆದು ಹೋಗಿ ರಾಜಿಯಾಗಿ, ಮತ್ತೆ ನಡೆದು ಬಂದು ಕಾಣಿಕೆ ಕೊಡು ಅಂದಂತೆ. ನಮ್ಮ ಖಜಾಂಚಿ ನಡೆಯಬೇಕಾದದ್ದು ಮೂರು ಓಣಿ.

ಆತ ಹೋದ. ಶಿಕ್ಷಕರು ಹೇಳಿ ಕಳಿಸಿದ್ದು ಮೂರೇ ಮಾತು: ಸಂಜೆ ಹೋಗು, ಫೋನ್ ಮಾಡಿ ಹೋಗು, ಹೋಗಿ ಮೊದಲು ಕೇಳು. ಭೇಟಿ ಹದಿನೈದು ನಿಮಿಷದಲ್ಲಿ ಮುಗಿಯಿತು. ಖಜಾಂಚಿ ಕೇಳುವ ಬದಲು ರಸೀದಿ ಪುಸ್ತಕದ ಕಷ್ಟ ವಿವರಿಸತೊಡಗಿದ, ರೈತ ದನಕ್ಕೆ ನೀರು ಹಾಕಬೇಕೆಂದು ಎದ್ದ. ಸೋತ ಭೇಟಿ. ಆದರೆ ಮುಂದಿನ ಬೈಠಕ್ಕಿನಲ್ಲಿ ರೈತ ತಾನಾಗಿ ಅಂದ: ‘ಮನಿಗಿ ಬಂದಿದ್ನಲ್ಲ, ಅದೊಂದು ಸರಿ ಮಾಡ್ಯಾನ.’ ಮೊದಲ ಮೆಟ್ಟಿಲು ಫಲಿಸದಿದ್ದರೂ ವ್ಯರ್ಥವಾಗುವುದಿಲ್ಲ.

ಸಾಕ್ಷಿಗಳು ಮತ್ತು ಒಂದು ಹಾಳೆ

ಎರಡನೆಯ ಮೆಟ್ಟಿಲಿಗೆ ‘ಇನ್ನೂ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು.’ ಇದನ್ನು ನಮ್ಮವರು ಬಲ ಕಟ್ಟಿಕೊಂಡು ಹೋಗುವುದೆಂದು ತಿಳಿಯುತ್ತಾರೆ. ಆ ವಚನ ಹಿಂದಿರುಗಿ ನೋಡುವುದು ಧರ್ಮೋಪದೇಶಕಾಂಡ 19:15ನ್ನು: ಇಬ್ಬರು ಮೂವರು ಸಾಕ್ಷಿಗಳ ಬಾಯಿಂದ ಸಂಗತಿ ಸ್ಥಿರವಾಗಬೇಕು. ಅವರು ಬರುವುದು ನಿಜ ಏನೆಂದು ಗೊತ್ತುಮಾಡಲು, ಯಾರ ಪಕ್ಷಕ್ಕೂ ಅಲ್ಲ. ಆರಿಸುವಾಗ ನೋಡಿದ್ದು ಇಷ್ಟು: ಇಬ್ಬರಲ್ಲಿ ಯಾರಿಗೂ ರಕ್ತಸಂಬಂಧಿಯಲ್ಲ, ಬೀಗರಲ್ಲ, ಯಾರಿಗೂ ಸಾಲ ಕೊಟ್ಟವರಲ್ಲ, ಕಮಿಟಿಯಲ್ಲಿಲ್ಲ. ಚಿಕ್ಕ ಸಭೆಯಲ್ಲಿ ಇಂಥ ಇಬ್ಬರು ಸಿಗುವುದು ಕಷ್ಟ, ಸುತ್ತಿಬಳಸಿ ಎಲ್ಲರೂ ನೆಂಟರೇ. ಶಿಕ್ಷಕರ ಜೊತೆಗೆ ಪಕ್ಕದೂರಿನ ಸಭೆಯ ಒಬ್ಬ ಹಿರಿಯರನ್ನು ಕರೆದದ್ದು ಅದಕ್ಕೇ. ಪಾಸ್ಟರನ್ನು ಕೂಡಿಸಲಿಲ್ಲ. ಆ ಪ್ರಸಂಗದ ನಂತರ ಅವರು ತಟಸ್ಥರಾಗಿ ಉಳಿದಿರಲಿಲ್ಲ, ಪಾಪ, ಅದನ್ನು ಅವರೇ ಒಪ್ಪಿಕೊಂಡರು.

ಜಾಗ: ಇಬ್ಬರ ಮನೆಯೂ ಅಲ್ಲ, ಪಾಸ್ಟರ ಮನೆಯೂ ಅಲ್ಲ, ಸಭೆಯ ಹಿಂದಿನ ಭಾನುವಾರ ಶಾಲೆಯ ಕೋಣೆ. ಹೊತ್ತು: ಊಟವಾದ ಮೇಲೆ, ಒಂದೂವರೆ ತಾಸು ದಾಟಬಾರದು. ಮೂರು ವಾರದಲ್ಲಿ ಮೂರು ಬೈಠಕ್. ಬೈಠಕ್ಕಿಗೆ ಮುಂಚೆ ಸಾಕ್ಷಿಗಳು ಇಬ್ಬರನ್ನೂ ಬೇರೆಬೇರೆಯಾಗಿ ಮುಕ್ಕಾಲು ತಾಸು ಕೇಳಿದರು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಲಿಲ್ಲ. ಮೊದಲು ವಾದಿಸಿದವನೇ ನ್ಯಾಯವಂತನಂತೆ ಕಾಣುತ್ತಾನೆ, ಎದುರಾಳಿ ಬಂದು ಪರೀಕ್ಷಿಸುವ ತನಕ ಎಂದು ಜ್ಞಾನೋಕ್ತಿ 18:17 ಎಚ್ಚರಿಸುತ್ತದೆ. ಒಬ್ಬರನ್ನು ಮಾತ್ರ ಕೇಳಿ ಪ್ರಾರ್ಥನೆ ಮಾಡಿ ಬಂದ ಹಿರಿಯ ಆಗಲೇ ಒಂದು ಪಕ್ಷ ಸೇರಿರುತ್ತಾನೆ.

ನಡುವೆ ಒಂದು ದೊಡ್ಡ ಹಾಳೆ, ಮೂರು ಅಂಕಣ. ‘ಏನಾಯಿತು’, ‘ನನಗೆ ಹೇಗೆ ಗೊತ್ತು’, ‘ಈಗ ನಾನು ಕೇಳುವುದೇನು’. ಎರಡನೆಯ ಅಂಕಣವೇ ಕೆಲಸ ಮಾಡುವುದು. ‘ಅವನು ರೊಕ್ಕ ತಿಂದಾನ’ ಎಂದು ಮೊದಲ ಅಂಕಣದಲ್ಲಿ ಬರೆಸಿದ ರೈತ, ಎರಡನೆಯ ಅಂಕಣಕ್ಕೆ ಬಂದಾಗ ಸುಮ್ಮನಾದ. ನಿಜವಾಗಿ ಗೊತ್ತಿದ್ದದ್ದು ‘ನಾನು ಕೊಟ್ಟ ಐದು ಸಾವಿರ ಲೆಕ್ಕದಲ್ಲಿ ಕಾಣಲಿಲ್ಲ’ ಎಂಬುದಷ್ಟೇ. ಮೊದಲ ಸಾಲನ್ನು ತಾನೇ ಹೊಡೆದು ಹಾಕಿದ. ಖಜಾಂಚಿ ಬರೆಸಿದ್ದು ‘ಬೇಕಂತಲೇ ಬಾಕಿ ಉಳಿಸ್ಯಾನ’, ಹೇಗೆ ಗೊತ್ತು? ಗೊತ್ತಿಲ್ಲ. ಅದೂ ಹೋಯಿತು. ಹೀಗೆ ಮನಸ್ಸಿನೊಳಗಿನ ಉದ್ದೇಶದ ಮೇಲಿನ ಆರೋಪಗಳೆಲ್ಲ ಬಿದ್ದು, ನಡೆದ ಸಂಗತಿಗಳು ಮಾತ್ರ ಉಳಿದವು.

ಐದು ಸಾವಿರ ಸಿಕ್ಕ ಜಾಗ

ಎರಡನೆಯ ಬೈಠಕ್ಕಿಗೆ ಕಾಗದಗಳು ಬಂದವು: ಸವಾಲಿನ ಪಟ್ಟಿ, ಆ ಭಾನುವಾರದ ಎಣಿಕೆ ಚೀಟಿ, ಸೋಮವಾರದ ಬ್ಯಾಂಕ್ ಚಲನ್, ಖಜಾಂಚಿಯ ಜೇಬಿನ ನೋಟ್‌ಬುಕ್. ಎಣಿಕೆ ಚೀಟಿಯಲ್ಲಿ ಎಲ್ಲ ವಿಶೇಷ ಕಾಣಿಕೆಗಳ ಎದುರೂ ಹೆಸರಿತ್ತು, ಒಂದಕ್ಕೆ ಮಾತ್ರ ಇರಲಿಲ್ಲ. ‘ವಿಶೇಷ ಕಾಣಿಕೆ 5,000’, ಪಕ್ಕದಲ್ಲಿ ಸಣ್ಣಗೆ ‘500 × 10’. ರೈತ ಮೊದಲ ದಿನದಿಂದಲೂ ಹೇಳುತ್ತಿದ್ದದ್ದು ಹತ್ತು ಐನೂರರ ನೋಟು ಎಂದೇ. ಹಣ ಪೂರ್ತಿ ಬ್ಯಾಂಕಿಗೆ ಹೋಗಿದ್ದನ್ನು ಚಲನ್ ತೋರಿಸಿತು.

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಖಜಾಂಚಿ ಆ ಚೀಟಿಯನ್ನು ಎರಡು ಸಲ ಮಡಚಿ ಬಿಚ್ಚಿದ. ರೈತ ಹಣ ಕೊಟ್ಟದ್ದು ನಿಜ, ಖಜಾಂಚಿ ತಿನ್ನದಿದ್ದದ್ದೂ ನಿಜ. ಐದು ತಿಂಗಳು ಇಬ್ಬರೂ ಸತ್ಯವನ್ನೇ ಹೇಳಿಕೊಂಡು ಒಬ್ಬರಿಗೊಬ್ಬರು ಸುಳ್ಳರಾಗಿದ್ದರು. ಬಾಕಿ 6,000. ಹನ್ನೊಂದು ಸಾವಿರ ಯಾವತ್ತೂ ಆಗಿರಲಿಲ್ಲ.

ಇಲ್ಲಿಗೆ ಜಗಳ ಮುಗಿಯಬೇಕಿತ್ತು ಎಂದು ಅನ್ನಿಸುತ್ತದೆ. ಲೆಕ್ಕ ಸರಿಹೋದರೂ ರೈತನ ಮುಖ ಬಿಚ್ಚಲಿಲ್ಲ. ಲೆಕ್ಕ ಹೊಂದಿದ ಮೇಲೂ ಸಿಟ್ಟು ಇಳಿಯದಿದ್ದರೆ ಅದರ ಬೇರು ಬೇರೆಲ್ಲೋ ಇದೆ ಎಂದು ತಿಳಿಯಬೇಕು. ಶಿಕ್ಷಕರು ಕೇಳಿದರು: ಇದಕ್ಕೂ ಮೊದಲು ಏನಾದರೂ?

ಬಹಳ ಹೊತ್ತಿನ ಮೇಲೆ ಬಂತು: ‘ನಮ್ಮವ್ವನ ಮಣ್ಣಿಗಿ ಬರಲಿಲ್ಲ ಇವ.’

ಎರಡು ವರ್ಷದ ಹಿಂದಿನ ಮಾತು. ಆಗ ಖಜಾಂಚಿ ಹೈದರಾಬಾದಿನಲ್ಲಿ ಕೆಲಸದ ಮೇಲಿದ್ದ. ಬಂದದ್ದು ಮೂರನೆಯ ದಿನ. ಮಣ್ಣು ಆಗಿ ಹೋಯಿತು, ಇನ್ನು ಹೋಗಿ ಏನು ಮಾಡುವುದೆಂದು ಮನೆಗೂ ಹೋಗಲಿಲ್ಲ. ನಮ್ಮ ಕಡೆ ಮದುವೆಗೆ ಬರದಿದ್ದರೆ ನಡೆಯುತ್ತದೆ, ಮಣ್ಣಿಗೆ ಬರದಿದ್ದರೆ ನಡೆಯುವುದಿಲ್ಲ. ಬರಲಾಗದಿದ್ದರೂ ಆಮೇಲೆ ಒಂದು ದಿನ ಬಂದು ಜಗಲಿ ಮೇಲೆ ಕೂತೆದ್ದು ಹೋಗಬೇಕು. ‘ರಸೀದಿ ತೋರಸ್ರಿ’ ಎಂಬ ಮಾತು ಅಷ್ಟು ಆಳಕ್ಕೆ ಇಳಿದದ್ದು ಆ ಹಳೆಯ ಗಾಯದ ಮೇಲೆ ಬಿದ್ದದ್ದಕ್ಕೆ. ಹಾಳೆಯಲ್ಲಿ ಹೊಸ ಸಾಲು ಸೇರಿತು. ‘ಈಗ ನಾನು ಕೇಳುವುದೇನು’ ಎಂಬ ಅಂಕಣದಲ್ಲಿ ರೈತ ಬರೆಸಿದ್ದು ‘ಏನಿಲ್ಲ’ ಎಂದು. ಖಜಾಂಚಿ ಆ ವಾರವೇ ಹೋಗಿ ಆ ತಾಯಿಯ ಸಮಾಧಿಯ ಹತ್ತಿರ ರೈತನ ಜೊತೆ ನಿಂತು ಬಂದ. ಯಾರೂ ಹೇಳಿ ಕಳಿಸಿದ್ದಲ್ಲ.

‘ಇರ್ಲಿ ಬಿಡ್ರಿ’

ಮೂರನೆಯ ಬೈಠಕ್ ಮಾಫಿಯದು. ನಮ್ಮ ಭಾಷೆಯಲ್ಲಿ ಮಾಫಿಯನ್ನು ತಪ್ಪಿಸಿಕೊಳ್ಳಲು ಎರಡು ಒಳ್ಳೆಯ ದಾರಿಗಳಿವೆ. ಕೇಳುವವನು ‘ನನ್ನಿಂದ ಏನಾದ್ರೂ ತಪ್ಪಾಗಿದ್ರ ಮಾಫ್ ಮಾಡ್ರಿ’ ಅನ್ನುತ್ತಾನೆ. ಆ ‘ಏನಾದ್ರೂ’, ‘ಇದ್ರ’ ಎರಡೂ ತಪ್ಪನ್ನು ಒಪ್ಪಿಕೊಳ್ಳುವುದೇ ಇಲ್ಲ. ಕೊಡುವವನು ‘ಇರ್ಲಿ ಬಿಡ್ರಿ, ಏನಾತು ಈಗ’ ಅನ್ನುತ್ತಾನೆ. ಅದು ಸೌಜನ್ಯ, ಮಾಫಿಯಲ್ಲ. ಏನೂ ಆಗಿಲ್ಲ ಎಂದರೆ ಕ್ಷಮಿಸಲಿಕ್ಕೂ ಏನೂ ಇಲ್ಲ, ನೋವು ಮಾತ್ರ ಒಳಗೆ ಹಾಗೇ ಕೂತಿರುತ್ತದೆ.

ಅದಕ್ಕೇ ಹಾಳೆ ಮುಂದಿಟ್ಟುಕೊಂಡು, ಒಂದೊಂದೇ ಸಾಲಿಗೆ ಒಂದೊಂದು ಮಾಫಿ. ಖಜಾಂಚಿಯದು ನಾಲ್ಕು: ಕೊಟ್ಟ ಹಣವನ್ನು ಬೇರೆ ಕಲಮಿಗೆ ಹಾಕಿದ್ದು, ಒಂದು ಫೋನ್ ಕೂಡ ಮಾಡದೆ ಎಲ್ಲರ ಮುಂದೆ ಹೆಸರು ಓದಿದ್ದು, ‘ರಸೀದಿ ತೋರಸ್ರಿ’ ಅಂದದ್ದು, ಮಣ್ಣಿಗೂ ಮನೆಗೂ ಬರದಿದ್ದದ್ದು. ರೈತನದು ಎರಡು: ಆರು ಸಾವಿರ ತಡ ಮಾಡಿಯೂ ಒಂದು ಮಾತು ಹೇಳದಿದ್ದದ್ದು, ಹೋಟೆಲಿನಲ್ಲಿಯೂ ಫೋನಿನಲ್ಲಿಯೂ ಕಳ್ಳನೆಂದದ್ದು. ನಿಯಮ ಒಂದೇ: ವಾಕ್ಯದಲ್ಲಿ ‘ಆದರೆ’ ಬರಬಾರದು. ಖಜಾಂಚಿ ಎರಡನೆಯ ಸಾಲಿನಲ್ಲಿ ‘ಆದ್ರ ಕಮಿಟಿ ಹೇಳಿತ್ತು’ ಅಂದಾಗ ಪಕ್ಕದೂರಿನ ಹಿರಿಯರು ಕೈಯೆತ್ತಿ ನಿಲ್ಲಿಸಿ ಮತ್ತೆ ಮೊದಲಿಂದ ಹೇಳಿಸಿದರು. ಕೊನೆಗೆ ‘ಮಾಫ್ ಮಾಡ್ತೀಯಾ?’ ಎಂದು ಕೇಳಿ ಸುಮ್ಮನಿರಬೇಕು. ಉತ್ತರಕ್ಕೆ ಅವಸರ ಮಾಡಬಾರದು. ಹೋಟೆಲಿನ ಮಾತಿಗೆ ಖಜಾಂಚಿ ಅಂದು ‘ಮಾಡೀನಿ’ ಅನ್ನಲಿಲ್ಲ, ಎರಡು ದಿನ ಬೇಕೆಂದ. ಕೊಟ್ಟರು. ಮೂರನೆಯ ದಿನ ತಾನೇ ಬಂದು ಹೇಳಿದ.

ದಂಡದ ಮಾತೂ ಬಂತು. ಯಾಜಕಕಾಂಡ 6ರಲ್ಲಿ ವಂಚಿಸಿ ಇಟ್ಟುಕೊಂಡದ್ದನ್ನು ಹಿಂದೆ ಕೊಡುವಾಗ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕೆಂದಿದೆ; ಹಾಗಾದರೆ ರೈತ 1,200 ಹೆಚ್ಚು ಕೊಡಲಿ ಎಂದು ಕಮಿಟಿಯ ಒಬ್ಬರು ಹೇಳಿ ಕಳಿಸಿದರು. ಸಾಕ್ಷಿಗಳು ಒಪ್ಪಲಿಲ್ಲ. ಆ ವಿಧಿ ಕದ್ದವನಿಗೆ, ಮೋಸ ಮಾಡಿದವನಿಗೆ. ಇಲ್ಲಿ ಆದದ್ದು ತಡ. ತಿಂಗಳಿಗೆ ಎರಡು ಸಾವಿರದಂತೆ ಮೂರು ಕಂತು, ಪ್ರತಿ ಕಂತಿಗೂ ರಸೀದಿ. ವಚನ ಗೊತ್ತಿದ್ದರೆ ಸಾಲದು, ಅದು ಯಾರಿಗೆ ಬರೆದದ್ದು ಎಂಬುದೂ ಗೊತ್ತಿರಬೇಕು.

ಮಾತು ಹೋದಲ್ಲೆಲ್ಲ

ಕೋಣೆಯೊಳಗಿನ ಮಾಫಿ ಕೋಣೆಯೊಳಗಿನ ತಪ್ಪಿಗೆ ಸಾಕು. ಸಭೆಯ ಮುಂದೆ ಹೋದ ಮಾನ ಸಭೆಯ ಮುಂದೆಯೇ ಬರಬೇಕು. ಸೆಪ್ಟೆಂಬರ್‌ನ ಒಂದು ಭಾನುವಾರ, ಪ್ರಕಟಣೆಗಳ ಅದೇ ಹೊತ್ತಿನಲ್ಲಿ, ಪೀಠ ಹತ್ತದೆ ಕೆಳಗೆ ನಿಂತು ಖಜಾಂಚಿ ಓದಿದ:

‘ಏಪ್ರಿಲ್ ತಿಂಗಳಲ್ಲಿ ನಾನು ಈ ಸಹೋದರರ ಹೆಸರಿನಲ್ಲಿ ಹನ್ನೊಂದು ಸಾವಿರ ಬಾಕಿ ಎಂದು ಓದಿದೆ. ಅದು ತಪ್ಪು. ಐದು ಸಾವಿರವನ್ನು ಅವರು ಹಬ್ಬದ ದಿನವೇ ನನ್ನ ಕೈಗೆ ಕೊಟ್ಟಿದ್ದರು, ನಾನು ತಪ್ಪು ಕಲಮಿಗೆ ಬರೆದೆ. ಅವರನ್ನು ಕೇಳದೆ ಓದಿದ್ದಕ್ಕೂ, ರಸೀದಿ ಕೇಳಿ ಅವಮಾನ ಮಾಡಿದ್ದಕ್ಕೂ ಅವರಲ್ಲಿ ಮಾಫಿ ಕೇಳಿದ್ದೇನೆ, ಅವರು ಮಾಡಿದ್ದಾರೆ.’

ರೈತ ಹೇಳಿದ್ದು ಇನ್ನೂ ಚಿಕ್ಕದು: ಖಜಾಂಚಿ ಒಂದು ಪೈಸೆ ತಿಂದಿಲ್ಲ, ತಾನು ಹಾಗೆ ಹೇಳಿದ್ದು ಸುಳ್ಳು, ಬಾಕಿ ಆರು ಸಾವಿರ ತನ್ನದೇ. ಎರಡೂ ಸೇರಿ ಎರಡು ನಿಮಿಷ. ಪ್ರಸಂಗವಿಲ್ಲ, ಚಪ್ಪಾಳೆಯಿಲ್ಲ, ಅಪ್ಪಿಸಿದ್ದೂ ಇಲ್ಲ. ಬರೆದು ಓದಿಸಿದ್ದು ಬೇಕೆಂದೇ. ಬಾಯಿಂದ ಹೇಳಲು ಬಿಟ್ಟರೆ ಅಳು ಬರುತ್ತದೆ, ಇಲ್ಲವೇ ಸಮರ್ಥನೆ ಬರುತ್ತದೆ.

ಹೋಟೆಲಿಗೆ ಇಬ್ಬರೂ ಕೂಡಿ ಹೋಗಿ ಚಹಾ ಕುಡಿದರು. ರೈತ ಮಾಲೀಕನಿಗೆ ಕೇಳಿಸುವಂತೆ ಮಾತು ಹಿಂದೆ ತೆಗೆದುಕೊಂಡ. ವಾಟ್ಸ್‌ಆ್ಯಪ್ ಅಷ್ಟು ಸುಲಭವಾಗಲಿಲ್ಲ. ಹಳೆಯ ಸಂದೇಶವನ್ನು ಎಲ್ಲರ ಫೋನಿನಿಂದ ಅಳಿಸುವ ಅವಧಿ ಎಂದೋ ಮುಗಿದಿತ್ತು. ಅದೇ ಗುಂಪಿಗೆ ಹೊಸ ಧ್ವನಿ ಸಂದೇಶ ಕಳಿಸಿದ. ಮೊದಲ ಸಂದೇಶಕ್ಕೆ ಮೂವತ್ತು ಉತ್ತರ ಬಂದಿದ್ದವು, ಇದಕ್ಕೆ ಬಂದದ್ದು ನಾಲ್ಕು ಕೈಮುಗಿದ ಚಿತ್ರ. ಮುಂದೆ ಯಾರು ಯಾರಿಗೆ ಕಳಿಸಿದ್ದರೋ ಅವರ ಫೋನಿನಲ್ಲಿ ಖಜಾಂಚಿ ಇಂದಿಗೂ ಕಳ್ಳನೇ.

ಕರ್ತನ ಭೋಜನದ, ಅಂದರೆ ಸಭೆ ಕೂಡಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ವಿಧಿಯ ವಿಷಯ. ಮೇ ತಿಂಗಳಿಂದ ರೈತ ಮೇಜಿನ ಹತ್ತಿರ ಹೋಗಿರಲಿಲ್ಲ, ಖಜಾಂಚಿ ಒಂದು ತಿಂಗಳೂ ತಪ್ಪಿಸಿರಲಿಲ್ಲ. ಸಭೆ ಕಂಡದ್ದು ರೈತನ ಖಾಲಿ ಜಾಗವನ್ನು ಮಾತ್ರ. ಮನಸ್ತಾಪ ಇಬ್ಬರದಾದರೆ ಮೇಜಿನ ಪ್ರಶ್ನೆಯೂ ಇಬ್ಬರದು. 1 ಕೊರಿಂಥ 11:28 ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಎನ್ನುತ್ತದೆ. ಪರೀಕ್ಷಿಸಿಕೊಂಡು ದೂರ ಕೂರು ಎನ್ನುವುದಿಲ್ಲ. ದೂರ ಕೂತವನನ್ನು ಕರೆಯಲು ಒಬ್ಬರಾದರೂ ಜೂನ್‌ಗೆ ಮೊದಲೇ ಹೋಗಬೇಕಿತ್ತು.

ಮೂರನೆಯ ಮೆಟ್ಟಿಲಾದ ‘ಸಭೆಗೆ ಹೇಳು’, ನಾಲ್ಕನೆಯದಾದ ‘ಅನ್ಯನಂತೆ, ಸುಂಕದವನಂತೆ ಇರಲಿ’ ಎಂಬುದು ಇಲ್ಲಿ ಬೇಕಾಗಲಿಲ್ಲ.

ಕಮಿಟಿಯ ಪಾಲು

ಹಾಳೆಯ ಹಿಂಬದಿಯಲ್ಲಿ ಮೂರನೆಯ ತಪ್ಪುಗಾರನ ಪಟ್ಟಿ ಇತ್ತು: ಕಮಿಟಿ. ಒಂದೇ ರಸೀದಿ ಪುಸ್ತಕ, ಒಬ್ಬನೇ ಎಣಿಸುವುದು, ಬಾಕಿದಾರರ ಹೆಸರು ಓದುವ ಹಳೆಯ ರೂಢಿ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಸಂಗ್ರಹಿಸಿದ ಹಣವನ್ನು ಪೌಲ ಒಬ್ಬನೇ ಒಯ್ಯಲಿಲ್ಲ. ದೇವರ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ಸರಿಯಾಗಿರಬೇಕೆಂದು ಜೊತೆಗೆ ಬೇರೆಯವರನ್ನು ಕರೆದುಕೊಂಡ (2 ಕೊರಿಂಥ 8:18–21). ಈಗ ಎಣಿಕೆಗೆ ಸಂಬಂಧಿಕರಲ್ಲದ ಇಬ್ಬರು. ಸವಾಲಿಗೆ ಬೇರೆಯೇ ಪುಸ್ತಕ, ಕಾರ್ಬನ್ ಇಟ್ಟು ಬರೆದದ್ದು: ಕೂಗಿದ ಮೊತ್ತ, ಕೊಟ್ಟದ್ದು, ಉಳಿದದ್ದು, ಕೊಡುವ ತಾರೀಖು, ಇಬ್ಬರ ಸಹಿ. ಸಹಿಯಾಗದೆ ಚೀಲ ಅಂಗಳ ದಾಟುವುದಿಲ್ಲ. ಬಾಕಿ ಇದ್ದವರಿಗೆ ಮೊದಲು ಫೋನ್, ಆಮೇಲೆ ಮನೆ ಭೇಟಿ; ಹೆಸರು ಓದುವುದು ನಿಂತಿತು. ಹಳೆಯ ಲೆಕ್ಕದ ತಪ್ಪನ್ನು ಅಳಿಸಲಿಲ್ಲ. ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ತಾರೀಖು ಹಾಕಿದರು.

ರೈತ ಖಜಾಂಚಿಯನ್ನು ಕ್ಷಮಿಸಿದ, ಆದರೆ ಅವನ ಕೈಗೆ ಬಿಡಿ ನೋಟು ಕೊಡುವುದಿಲ್ಲ. ಎಣಿಸುವ ಇನ್ನೊಬ್ಬರು ಬರುವ ತನಕ ಕಾಯುತ್ತಾನೆ. ಕೆಲವರು ಇದನ್ನು ಕಂಡು ‘ಇನ್ನೂ ಮನಸ್ಸಿನಾಗ ಇಟ್ಟಾನ’ ಅನ್ನುತ್ತಾರೆ. ಅದು ಸರಿಯಲ್ಲ. ಮಾಫಿ ಒಂದು ದಿನದಲ್ಲಿ ಕೊಡಬಹುದು, ನಂಬಿಕೆ ಕಟ್ಟಲು ನಾಲ್ಕು ಸುಗ್ಗಿ ಬೇಕಾದೀತು.

ಹಾಳೆಯಲ್ಲಿ ಬರದ ಸಾಲು

ಕೊನೆಯ ಕಂತು ನವೆಂಬರ್‌ನಲ್ಲಿ ಮುಟ್ಟಿತು. ಆ ದಿನ ಸಾಕ್ಷಿಗಳು ಹಾಳೆಯನ್ನು ಇಬ್ಬರ ಎದುರೇ ಹರಿದರು. ಎಲ್ಲ ಮುಗಿಯಿತೆಂದುಕೊಂಡಾಗ ಕಂಡದ್ದು, ಖಜಾಂಚಿಯ ಹೆಂಡತಿ ರೈತನ ಮನೆಯ ಪ್ರಾರ್ಥನೆ ಕೂಟಕ್ಕೆ ಬಂದಿಲ್ಲ. ಹಿಂದೆ ಆ ಎರಡು ಮನೆಗಳ ಹೆಂಗಸರು ಒಂದೇ ಒಲೆಯ ಮೇಲೆ ರೊಟ್ಟಿ ಬಡಿದವರು.

ವಿಚಾರಿಸಿದಾಗ ಗೊತ್ತಾಯಿತು. ಮೇ ತಿಂಗಳಲ್ಲಿ ನೀರಿನ ನಲ್ಲಿಯ ಹತ್ತಿರ ರೈತನ ಹೆಂಡತಿ, ಕೇಳಲಿ ಎಂದೇ, ಇನ್ನೊಬ್ಬಳಿಗೆ ಅಂದಿದ್ದಳು: ‘ಸಭೆ ರೊಕ್ಕದಾಗ ಹೊಸಾ ಸೀರಿ ಉಟ್ಟಾಳ ನೋಡು.’ ಆ ಸೀರೆ ತವರಿನಿಂದ ಬಂದದ್ದು. ಅವತ್ತಿನಿಂದ ಅವಳು ಅದನ್ನು ಉಟ್ಟಿಲ್ಲ.

ಮೂರು ಬೈಠಕ್ಕಿನಲ್ಲಿ ಕೂತವರು ನಾಲ್ವರೂ ಗಂಡಸರು. ಮಾಫಿ ಕೇಳಿದವರು, ಕೊಟ್ಟವರು, ಸಾಕ್ಷಿಯಾದವರು ಎಲ್ಲ ಅವರೇ. ಫಿಲಿಪ್ಪಿ 4ರಲ್ಲಿ ಯುವೊದ್ಯಳಿಗೂ ಸಂತುಕೆಗೂ ಒಂದೇ ಮನಸ್ಸಿನಿಂದಿರಿ ಎಂದು ಪೌಲ ಹೆಸರು ಹಿಡಿದು ಕೇಳಿಕೊಂಡಿದ್ದ, ಅವರಿಗೆ ಸಹಾಯ ಮಾಡು ಎಂದು ಇನ್ನೊಬ್ಬರಿಗೆ ಹೇಳಿದ್ದ. ಇಲ್ಲಿ ಆ ಇಬ್ಬರನ್ನು ಯಾರೂ ಕೇಳಲೇ ಇಲ್ಲ. ಮೊದಲ ಬೈಠಕ್ಕಿಗೇ ಒಬ್ಬ ಹಿರಿಯ ಸಹೋದರಿಯನ್ನು ಸಾಕ್ಷಿಯಾಗಿ ಕೂಡಿಸಿದ್ದರೆ ಈ ಸಾಲು ಆಗಲೇ ಹಾಳೆಗೆ ಬರುತ್ತಿತ್ತು.

ಈಗ ಸ್ತ್ರೀಯರ ಕೂಟದ ಒಬ್ಬ ಅಜ್ಜಿ ರೈತನ ಹೆಂಡತಿಯ ಹತ್ತಿರ ಹೋಗಿ ಬಂದಿದ್ದಾಳೆ. ಕೈ ಹಿಡಿಸಿಲ್ಲ, ಪ್ರಾರ್ಥನೆಯನ್ನೂ ಮಾಡಿಲ್ಲ. ‘ನೀ ಒಬ್ಬಾಕಿನೇ ಹೋಗು. ಆಕಿ ರೊಟ್ಟಿ ಬಡಿಯೋ ಹೊತ್ತಿಗಿ ಹೋಗು, ಎದ್ದು ಹೊರಗ ಹೋಗಾಕ ಬರಂಗಿಲ್ಲ’ ಎಂದಷ್ಟೇ ಹೇಳಿ ಬಂದಿದ್ದಾಳೆ.